ನನ್ನ ಹೆಸರಿನ ಎರಡನೇ ಸಿಮ್

ಕೊರೊನಾ ಮುಗಿದು ಎರಡು ವರ್ಷ ಆಗಿತ್ತು. ಆಗ ನಾನು ಜೋಯಿಡಾ ತಾಲೂಕಿನಲ್ಲಿ, ಗಣೇಶಗುಡಿಯಿಂದ ಉಳವಿ ಕಡೆ ಹೋಗುವ ರಸ್ತೆಯ ಮೇಲಿನ ಒಂದು ಮೊಬೈಲ್ ಟವರಿನ ಕೇರ್‌ಟೇಕರ್ ಆಗಿದ್ದೆ. ಹೆಸರು ಸಾವಂತ್ರೆವ್ವ. ತವರು ಹಳಿಯಾಳದ ಕಡೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಅಂಕಿ ಮಾತ್ರ ತಪ್ಪುವುದಿಲ್ಲ. ಟವರಿನ ಕೆಲಸ ಮೊದಲು ಗಂಡನದಿತ್ತು. ಅವನು ಸತ್ತ ಮೇಲೆ ನನಗೆ ಬಂತು. ಅವನಿಗಿಂತ ಚೆನ್ನಾಗಿ ಮಾಡಿದೆ. ಅವನು ಕುಡಿಯುತ್ತಿದ್ದ, ನಾನು ಕುಡಿಯುವುದಿಲ್ಲ.

ಟವರಿನ ಬುಡದಲ್ಲಿ ಒಂದು ಕೋಣೆ ಇರುತ್ತದೆ. ಅದರಲ್ಲಿ ರೇಡಿಯೋ ಸಾಮಾನು ಮತ್ತು ಇಪ್ಪತ್ನಾಲ್ಕು ಬ್ಯಾಟರಿ. ಹೊರಗೆ ಡೀಸೆಲ್ ಜನರೇಟರ್. ಕರೆಂಟ್ ಹೋದರೆ ಬ್ಯಾಟರಿ ನಾಲ್ಕು ತಾಸು ಟವರನ್ನು ನಡೆಸುತ್ತದೆ. ಅಷ್ಟರೊಳಗೆ ಜನರೇಟರ್ ತಾನಾಗಿ ಚಾಲೂ ಆಗಬೇಕು ಅಂತ ಮಾಡಿದ್ದಾರೆ. ಆಗುವುದಿಲ್ಲ. ಕೋಣೆಯೊಳಗೆ ಹೋಗಿ ಒಂದು ಸ್ವಿಚ್ ತಿರುಗಿಸಬೇಕು. ಹದಿನಾಲ್ಕು ವರ್ಷ ಆ ಸ್ವಿಚ್ ತಿರುಗಿಸಿದವಳು ನಾನು. ಕೋಣೆಗೆ ಕಬ್ಬಿಣದ ಬೀಗ, ಅದರ ಕೀಲಿ ನನ್ನ ಹತ್ತಿರ. ಸುತ್ತ ಏಳೆಂಟು ಹಳ್ಳಿಗೆ ಬೇರೆ ಟವರಿನ ಸಿಗ್ನಲ್ ಸಿಗುವುದಿಲ್ಲ. ನಮ್ಮದು ಬಂದಾದರೆ ಎಲ್ಲರ ಫೋನೂ ಸತ್ತ ಹಾಗೆ.

ದೀಪಾವಳಿ ಮುಗಿದ ಮೇಲೆ ದಾಂಡೇಲಿಯಿಂದ ಅಶೋಕ ಬಂದ. ಅವನು ಟವರ್ ನೋಡಿಕೊಳ್ಳುವ ಗುತ್ತಿಗೆ ಕಂಪನಿಯ ಸೂಪರ್‌ವೈಜರ್. ಸುಮಾರು ನಲವತ್ತು ವರ್ಷದ ಗಂಡಸು, ಅಂಗಿಗೆ ಇಸ್ತ್ರಿ, ಬಾಯಿಗೆ ಇಸ್ತ್ರಿ ಇಲ್ಲ. ಹೊಸ ಬೀಗ ತಂದಿದ್ದ. ಅದಕ್ಕೆ ಕೀಲಿ ಹಾಕುವ ತೂತು ಇರಲಿಲ್ಲ.

"ಇನ್ನ ಕೀಲಿ ಮೊಬೈಲಿನ್ಯಾಗ ಬರ್ತೈತಿ. ನಿನ್ನ ಕಬ್ಬಿಣದ್ದು ಇತ್ತ ಕೊಡು" ಅಂದ.

ಅದು ನಡೆಯುವ ರೀತಿ ಹೀಗಿತ್ತು. ಟೆಕ್ನಿಶಿಯನ್ ಬಂದು ತನ್ನ ಫೋನಿನ ಆ್ಯಪಿನಲ್ಲಿ ಬಾಗಿಲು ತೆರೆಯಬೇಕು ಅಂತ ಒತ್ತಬೇಕು. ಎಲ್ಲೋ ಇರುವ ಸರ್ವರಿನಿಂದ ನನ್ನ ಫೋನಿಗೆ ಆರು ಅಂಕಿಯ ಓಟಿಪಿ ಬರುತ್ತದೆ. ನಾನು ಅದನ್ನು ಹೇಳಬೇಕು, ಅವನು ಹಾಕಬೇಕು. ಸರಿಯಿದ್ದರೆ ಸರ್ವರ್ ಅವನ ಫೋನಿಗೆ ಒಂದು ಕೀಲಿ ಕಳಿಸುತ್ತದೆ. ಹತ್ತು ನಿಮಿಷ ಮಾತ್ರ ಬದುಕುವ ಕೀಲಿ. ಅಷ್ಟರಲ್ಲಿ ಫೋನನ್ನು ಬೀಗದ ಹತ್ತಿರ ಹಿಡಿದರೆ ಬಾಗಿಲು ತೆರೆಯುತ್ತದೆ. ನನಗೆ ಒಳಗೆ ಹೋಗುವ ಅಧಿಕಾರ ಹೋಯಿತು, ಅಂಕಿ ಓದಿ ಹೇಳುವ ಕೆಲಸ ಉಳಿಯಿತು.

ಆ ಕೆಲಸಕ್ಕೆಂದು ನನ್ನ ಹೆಸರಿನಲ್ಲಿ ಹೊಸ ಸಿಮ್ ಬೇಕು ಅಂದ. ಹೆಬ್ಬೆಟ್ಟು ಒತ್ತುವ ಮಷೀನು ಅವನೇ ತಂದಿದ್ದ. ಡೀಸೆಲ್, ಕತ್ತಿ, ಕಟ್ಟಿಗೆ ಹಿಡಿದ ಕೈ ನನ್ನದು, ಗೆರೆ ಸವೆದಿವೆ. ಒತ್ತಿದೆ. ಮಷೀನು ಕುಂಯ್ ಅಂತು.

"ಹಿಡೀಲಿಲ್ಲ. ಮತ್ತೊಮ್ಮೆ ಒತ್ತು" ಅಂದ.

ಮತ್ತೊಮ್ಮೆ ಒತ್ತಿದೆ. ನಮ್ಮ ಕಡೆ ರೇಷನ್ ಅಂಗಡಿಯಲ್ಲಿ ನಾಲ್ಕು ಸಲ ಒತ್ತಿದರೂ ಹಿಡಿಯುವುದಿಲ್ಲ, ಹಿಡಿಯುವ ತನಕ ಒತ್ತುವುದೇ ನಮಗೆ ರೂಢಿ. ಎಷ್ಟನೆಯದು ಹಿಡಿಯಿತು ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಬೇರೆ ಒಂದು ಮಾತು ಕೇಳಿದೆ.

"ಸಾಹೇಬ್ರ, ಟವರ್ ಬಂದ್ ಆದಾಗ ಅಲ್ಲೇನ್ರಿ ಟೆಕ್ನಿಶಿಯನ್ ಬರೂದು? ಟವರ್ ಬಂದ್ ಆದ್ರ ಆ ಆರು ಅಂಕಿ ನನಗ ಎಲ್ಲಿಂದ ಬರ್ತಾವ?"

ಅಶೋಕ ತನ್ನ ಜೊತೆ ಬಂದಿದ್ದ ಟೆಕ್ನಿಶಿಯನ್ ಕಡೆ ನೋಡಿ ನಕ್ಕ. "ಮುದುಕಿ, ನೀ ಎಲಿ ಅಡಿಕಿ ಹಾಕ್ಕೊಂಡು ಸುಮ್ಮ ಕುಂದ್ರು. ಇದನ್ನ ಮಾಡಿದವ್ರು ನಿನಗಿಂತ ಶಾಣ್ಯಾರ ಅದಾರ."

ಆ ನಗು ನಾನು ಮರೆಯಲಿಲ್ಲ. ಮರೆಯುವ ಸ್ವಭಾವ ನನ್ನದಲ್ಲ.

ಬೀಗದ ಆ್ಯಪ್ ಬಂತು. ಹಿಂದೆಯೇ ಹಾಜರಿ ಆ್ಯಪ್ ಬಂತು, ಡೀಸೆಲ್ ಆ್ಯಪ್ ಬಂತು. ಒಂದೊಂದಕ್ಕೂ ಬೇರೆ ಓಟಿಪಿ. ಒಂದು ತಾಸು ಮುಟ್ಟದಿದ್ದರೆ ತಾನೇ ಹೊರಗೆ ಹಾಕಿ ಮತ್ತೆ ನೀನು ಯಾರು ಅಂತ ಕೇಳುತ್ತದೆ. ಒಂದು ದಿನ ಎಣಿಸಿದೆ, ಹನ್ನೊಂದು ಸಲ ನಾನು ಸಾವಂತ್ರೆವ್ವ ಅಂತ ಸಾಬೀತು ಮಾಡಿ ಕೊಟ್ಟಿದ್ದೆ.

ಹದಿನೈದು ದಿನದೊಳಗೆ ನಾನು ಕೇಳಿದ್ದೇ ಆಯಿತು. ಕರೆಂಟ್ ಹೋಯಿತು, ಜನರೇಟರ್ ಚಾಲೂ ಆಗಲಿಲ್ಲ, ಬ್ಯಾಟರಿ ಮುಗಿದು ಟವರ್ ಸತ್ತಿತು. ಟೆಕ್ನಿಶಿಯನ್ ಬೈಕ್ ಮೇಲೆ ಬಂದ. ಅವನಿಗೂ ನೆಟ್‌ವರ್ಕ್ ಇಲ್ಲ, ನನಗೂ ಇಲ್ಲ. ಬಾಗಿಲ ಮುಂದೆ ಇಬ್ಬರೂ ನಿಂತೆವು. ಒಂದೂವರೆ ಕಿಲೋಮೀಟರ್ ದೂರದ ರಸ್ತೆ ತಿರುವಿನಲ್ಲಿ ಗಣೇಶಗುಡಿ ಟವರಿನ ಸಿಗ್ನಲ್ ಎರಡು ಕಡ್ಡಿ ಸಿಗುತ್ತದೆ. ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೋದ. ನನ್ನ ಫೋನಿಗೆ ಓಟಿಪಿ ಬಂತು, ಅವನ ಫೋನಿಗೆ ಕೀಲಿ ಬಂತು. ತಿರುಗಿ ಬರುವಾಗ ಜಲ್ಲಿಯಲ್ಲಿ ಬೈಕ್ ಜಾರಿ ಇಬ್ಬರೂ ಗಟಾರಕ್ಕೆ ಬಿದ್ದೆವು. ಎದ್ದು ಬರುವಷ್ಟರಲ್ಲಿ ಕೀಲಿ ಸತ್ತಿತ್ತು. ಮತ್ತೆ ಹೋದೆವು. ಮೂರನೇ ಸಲಕ್ಕೆ ಬಾಗಿಲು ತೆರೆಯಿತು.

"ಆಯಿ, ನಿನ್ನ ಟವರ್ ತಗಿಯಾಕ ಇನ್ನೊಂದು ಟವರ್ ಬೇಕಲ್ಲ!" ಅಂದ ಅವನು, ಮೊಣಕೈಯ ರಕ್ತ ಒರೆಸಿಕೊಳ್ಳುತ್ತ.

"ಶಾಣ್ಯಾರು ಮಾಡ್ಯಾರಪ್ಪಾ. ನಾವು ಬೀಳೂದು" ಅಂದೆ.

ಇನ್ನು ಅದಾದ ಒಂದು ತಿಂಗಳಿಗೆ ನಡೆದ ಸಂಗತಿ. ಅಂದು ಮುಂಜಾನೆ ಐದಕ್ಕೆ ಕರೆಂಟ್ ಹೋಗಿತ್ತು. ಒಂಬತ್ತಕ್ಕೆ ಟವರ್ ಬಂದಾಯಿತು. ಟೆಕ್ನಿಶಿಯನ್ ಕೈಯಲ್ಲಿ ಮೂವತ್ತು ಟವರು, ಅಂದು ಅವನು ಮುಂಡಗೋಡ ಕಡೆ ಇದ್ದ, ಮರುದಿನ ಬರುವವನಿದ್ದ. ನಾನು ದಿನಾ ಮಧ್ಯಾಹ್ನ ಒಂದಕ್ಕೆ ಗುಡ್ಡ ಇಳಿದು ಮನೆಗೆ ಹೋಗಿ ಉಂಡು ಮೂರಕ್ಕೆ ಬರುತ್ತೇನೆ. ಹದಿನಾಲ್ಕು ವರ್ಷ ಹಾಗೇ ಮಾಡಿದ್ದೇನೆ, ಅದು ಎಲ್ಲರಿಗೂ ಗೊತ್ತು. ಅಂದೂ ಹೋಗಿ ಬಂದೆ. ಬೀಗ ಹಾಕಿದ ಹಾಗೇ ಇತ್ತು. ಮರುದಿನ ಟೆಕ್ನಿಶಿಯನ್ ಬಂದ, ತಿರುವಿಗೆ ಹೋಗಿ ಕೀಲಿ ತಂದು ಬಾಗಿಲು ತೆರೆದ. ಕೋಣೆಯಲ್ಲಿ ಒಂದೂ ಬ್ಯಾಟರಿ ಇರಲಿಲ್ಲ. ವಾಯರ್ ಕತ್ತರಿಸಿರಲಿಲ್ಲ, ನಟ್ಟು ಬಿಚ್ಚಿ ನೀಟಾಗಿ ತೆಗೆದಿದ್ದರು. ಬೀಗಕ್ಕೆ ಒಂದು ಗೀರು ಸಹ ಇರಲಿಲ್ಲ.

ಸಂಜೆಯೊಳಗೆ ಅಶೋಕ ಬಂದ. ಅವನ ಕೈಯಲ್ಲಿ ಒಂದು ಕಾಗದ.

"ನಿನ್ನೆ ಒಂದು ಇಪ್ಪತ್ತಕ್ಕೆ ಬಾಗಲಾ ತಗದೇತಿ. ಕೆಲಸ ಬಿಟ್ಟು ಹೋದ ಟೆಕ್ನಿಶಿಯನ್ ಒಬ್ಬನ ಹೆಸರಿನ್ಯಾಗ ಯಾರೋ ಕೀಲಿ ಕೇಳ್ಯಾರ. ಓಟಿಪಿ ಹೋಗಿದ್ದು ಕೇರ್‌ಟೇಕರ್ ನಂಬರಿಗೆ. ಕೇರ್‌ಟೇಕರ್ ಯಾರು? ನೀನು. ಯಾರಿಗೆ ಹೇಳಿದಿ ನಂಬರು?"

"ನಿನ್ನೆ ನನ್ನ ಫೋನಿಗೆ ಏನೂ ಬಂದಿಲ್ಲ. ಟವರ್ ಸತ್ತಿತ್ತು" ಅಂದೆ.

"ಮಷೀನು ಸುಳ್ಳ ಹೇಳೂದಿಲ್ಲ, ಮುದುಕಿ."

ಅಲ್ಲೇ ನಿಲ್ಲಿಸಿ ಕೆಲಸದಿಂದ ತೆಗೆದ. ನನ್ನ ಜಾಗಕ್ಕೆ ದಾಂಡೇಲಿಯ ಒಬ್ಬನನ್ನು ಕೂರಿಸಿದ. ನಾಲ್ಕು ದಿನ ನೆಟ್‌ವರ್ಕ್ ಇಲ್ಲದೆ ಹಳ್ಳಿಗಳು ಕೂತವು. ಹೋಂಸ್ಟೇ ಮಾಡಿದವರು ಬುಕಿಂಗ್ ಹೋಯಿತು ಅಂತ ಬೈದರು. ಬೈದದ್ದು ನನಗೆ. ಬಸ್ಸಿನಲ್ಲಿ ಹೆಂಗಸರು ಪಕ್ಕಕ್ಕೆ ಸರಿದು ಕೂತರು. ಒಬ್ಬಳು ಕೇಳಿಯೇ ಬಿಟ್ಟಳು: "ಸಾವಂತ್ರೆವ್ವ, ಇಪ್ಪತ್ನಾಕು ಬ್ಯಾಟರಿ ಒಬ್ಬಾಕಿ ಹೆಂಗ ಹೊತ್ತೀ? ನಮ್ಮ ನೀರಿನ ಕೊಡಾನೂ ಹೊತ್ತ ಕೊಡ ಬಾ."

ನಾನು ಅಳಲಿಲ್ಲ. ನೌಕರಿ ಹೋದದ್ದು ದೊಡ್ಡದಲ್ಲ, ಈ ಕೈಗೆ ಬೇರೆ ಕೆಲಸ ಸಿಗುತ್ತದೆ. ನನಗೆ ಹಚ್ಚಿದ ಕಳ್ಳಿ ಅನ್ನುವ ಹೆಸರು ಅಶೋಕನ ತಲೆಯ ಮೇಲೆ ಕೂರುವ ತನಕ ಬಿಡಬಾರದು ಅಂತ ಗಟ್ಟಿ ಮಾಡಿದೆ. ಆ ಕಳವಿಗೆ ಹೊಸ ಬೀಗ ನಡೆಯುವ ರೀತಿ ಗೊತ್ತಿರಬೇಕಿತ್ತು, ನಾನು ಉಣ್ಣುವ ಹೊತ್ತು ಗೊತ್ತಿರಬೇಕಿತ್ತು. ಎರಡೂ ಗೊತ್ತಿದ್ದವರು ಬಹಳ ಜನ ಇರಲಿಲ್ಲ. ಆದರೆ ಓಟಿಪಿ ಅವನಿಗೆ ಹೇಗೆ ಹೋಯಿತು ಅನ್ನುವುದು ಮಾತ್ರ ತಿಳಿದಿರಲಿಲ್ಲ.

ಹತ್ತು ದಿನದ ಮೇಲೆ ದಾಂಡೇಲಿಯ ಆಫೀಸಿಗೆ ವಿಚಾರಣೆಗೆ ಕರೆದರು. ಹುಬ್ಬಳ್ಳಿಯಿಂದ ಒಬ್ಬರು ಇಂಜಿನಿಯರ್ ಬಂದಿದ್ದರು, ಫರ್ಜಾನಾ ಅಂತ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮೇಜಿನ ಮೇಲೆ ಲ್ಯಾಪ್‌ಟಾಪ್. ಅಶೋಕ ಅವರ ಬಲಕ್ಕೆ ಕೂತಿದ್ದ. ನನ್ನ ಮುಂದೆ ಒಂದು ಟೈಪ್ ಮಾಡಿದ ಹಾಳೆ, ಸ್ಯಾಹಿ ಡಬ್ಬಿ ತಳ್ಳಿದ.

"ತಪ್ಪಾತು ಅಂತ ಬರದೇತಿ. ಹೆಬ್ಬಟ್ಟು ಒತ್ತು. ಪೊಲೀಸ್ ಕೇಸ್ ಹಾಕೂದಿಲ್ಲ, ಮನಿಗೆ ಹೋಗು. ಒತ್ತಲಿಲ್ಲಂದ್ರ ಜೈಲು."

ನಾನು ಸ್ಯಾಹಿ ಡಬ್ಬಿಯ ಮುಚ್ಚಳ ಹಾಕಿದೆ. "ಮೇಡಮ್ಮಾರ, ಓಟಿಪಿ ಹೋದ ನಂಬರು ನನಗ ತೋರಸ್ರಿ. ಅಂಕಿ ಓದಾಕ ಬರ್ತೈತಿ" ಅಂದೆ.

ಫರ್ಜಾನಾ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ನನ್ನ ನಂಬರಿನ ಕೊನೆಯ ಎರಡು ಅಂಕಿ ಹದಿನೆಂಟು. ಅಲ್ಲಿ ಇದ್ದದ್ದು ಅರವತ್ತಮೂರು.

"ಇದು ನನ್ನದಲ್ಲ."

ಫರ್ಜಾನಾ ಏನೇನೋ ತೆರೆದು ನೋಡಿ ಹೇಳಿದರು: "ಆಯಿ, ನಿಮ್ಮ ಹೆಸರಿನ್ಯಾಗ ಎರಡು ನಂಬರು ಅದಾವ. ಮೊದಲನೇದಕ್ಕ ನೆಟ್‌ವರ್ಕ್ ಇರಲಿಲ್ಲಂದ್ರ ಓಟಿಪಿ ಎರಡನೇದಕ್ಕ ಹೋಗತೈತಿ. ಎರಡೂ ಸಿಮ್ ಒಂದ ದಿನ ತಗೊಂಡಾವು. ಎರಡಕ್ಕೂ ನಿಮ್ಮ ಹೆಬ್ಬಟ್ಟು ಐತಿ."

ಆಗ ನನಗೆ ಆ ಮಷೀನಿನ ಕುಂಯ್ ಸಪ್ಪಳ ನೆನಪಾಯಿತು. ಮೊದಲನೆಯದೇ ಹಿಡಿದಿತ್ತು. ಎರಡನೆಯದೂ ಹಿಡಿದಿತ್ತು. ಟವರ್ ಸಾಯುವುದನ್ನೇ ಅವನು ಕಾದು ಕೂತಿದ್ದ. ಟವರ್ ಸತ್ತರೆ ಮಾತ್ರ ಓಟಿಪಿ ನನ್ನನ್ನು ಬಿಟ್ಟು ಅರವತ್ತಮೂರಕ್ಕೆ ಹೋಗುತ್ತದೆ.

ಬಾಯಿಗೆ ಬಂದದ್ದನ್ನು ಆಗಲೇ ಒದರಬಹುದಿತ್ತು. ಒದರಲಿಲ್ಲ. ಮೊದಲು ಅವನ ಬಾಯಿಂದ ಒಂದು ಮಾತು ಬೇಕಿತ್ತು.

"ಸಾಹೇಬ್ರ, ಆ ಇನ್ನೊಂದು ಸಿಮ್ ಎಲ್ಲೈತ್ರಿ?" ಅಂತ ಅಶೋಕನನ್ನು ಕೇಳಿದೆ.

"ನಿನ್ನ ಮನ್ಯಾಗ ಐತಿ. ನಾನ ನಿನ್ನ ಕೈಯಾಗ ಕೊಟ್ಟೇನಲ್ಲ. ಅವತ್ತಿಂದ ನಿನ್ನ ಹತ್ರನ ಐತಿ."

"ಬರಕೋರಿ ಮೇಡಮ್ಮಾರ" ಅಂದೆ. ಅವರು ಬರೆದುಕೊಂಡರು. ಅಶೋಕ ಸಹಿ ಹಾಕಿದ. ಖುಷಿಯಿಂದಲೇ ಹಾಕಿದ.

ಆಮೇಲೆ ಕೇಳಿದೆ. "ನಮ್ಮ ಟೆಕ್ನಿಶಿಯನ್ ಹುಡುಗರು ಕೆಲಸ ಮಾಡೂ ಮುಂದ ಹೇಳಿದ್ದು ಕೇಳೇನಿ. ಫೋನ್ ಚಾಲೂ ಆತಂದ್ರ ಸಿಮ್ಮು ಟವರಿಗೆ ತಾ ಯಾರಂತ ಹೇಳಬೇಕು, ಟವರು ಒಪ್ಪಬೇಕು, ಹೌದಲ್ರಿ? ಹಂಗಾದ್ರ ಈ ಅರವತ್ತಮೂರು ಇಷ್ಟ ದಿನ ಯಾವ ಟವರಿಗೆ ಹೇಳೇತಿ, ನೋಡ್ರಿ. ನನ್ನ ಮನ್ಯಾಗ ಇದ್ದಿದ್ರ ನಮ್ಮ ಟವರಿಗೇ ಹೇಳಿರಬೇಕು. ನನ್ನ ಮನಿಗೆ ಬ್ಯಾರೆ ಟವರ ಸಿಗೂದಿಲ್ಲ."

ಫರ್ಜಾನಾ ಪೆನ್ನು ಕೆಳಗಿಟ್ಟರು. ಅಶೋಕನ ಮುಖದ ಬಣ್ಣ ಇಳಿದದ್ದು ನಾನು ನೋಡಿದೆ. ಚೆನ್ನಾಗಿ ನೋಡಿದೆ, ಅವಸರ ಮಾಡಲಿಲ್ಲ.

"ಆ ದಾಖಲೆ ಇರ್ತೈತಿ ಆಯಿ" ಅಂದರು ಫರ್ಜಾನಾ. "ಆದ್ರ ನೆಟ್‌ವರ್ಕ್ ಕಂಪನಿ ನಮಗ ಕೊಡೂದಿಲ್ಲ. ಪೊಲೀಸರು ಬರದು ಕೇಳಿದ್ರ ಅಷ್ಟ ಕೊಡ್ತಾರ."

"ಹಂಗಾದ್ರ ನನ್ನ ಮ್ಯಾಲ ಕೇಸ್ ಹಾಕ್ರಿ."

"ಏನಂದ್ರಿ?"

"ಜೈಲು ಅಂತ ಈಗ ಹೇಳಿದ್ರಲ್ಲ ಸಾಹೇಬ್ರು. ಹಾಕ್ರಿ. ಇವತ್ತ ಹಾಕ್ರಿ. ಸ್ಟೇಷನ್‌ಗೆ ನಾನೂ ಬರ್ತೇನಿ."

ಅಶೋಕನಿಗೆ ಒಮ್ಮೆಲೇ ನನ್ನ ಮೇಲೆ ಕರುಣೆ ಹುಟ್ಟಿತು. "ಬಿಡ್ರಿ ಮೇಡಂ, ವಯಸ್ಸಾದಾಕಿ. ಪಾಪ, ಸ್ಟೇಷನ್ ಯಾಕ? ನಮ್ಮ ನಮ್ಮೊಳಗ ಮುಗಸೂಣು. ಅವ್ವಾರ, ನೀವು ಮನಿಗೆ ಹೋಗ್ರಿ." ಹದಿನಾಲ್ಕು ವರ್ಷದಲ್ಲಿ ಅವನು ನನ್ನನ್ನು ಅವ್ವಾರ ಅಂದದ್ದು ಅದೇ ಮೊದಲು.

"ಮುದುಕಿ ಅನ್ನು, ಅದ ಛಲೋ ಇತ್ತು" ಅಂದೆ. "ನನ್ನ ಹೆಬ್ಬಟ್ಟು ಎರಡು ಸಲ ತಗೊಂಡಿ. ಮೂರನೇದು ಸಿಗೂದಿಲ್ಲ."

ಫರ್ಜಾನಾ ಅಂದೇ ದೂರು ಕೊಟ್ಟರು. ಪೊಲೀಸರು ನನ್ನನ್ನು ಎರಡು ಸಲ ಕರೆದು ಕೂರಿಸಿ ಕೇಳಿದರು. ಗೊತ್ತಿದ್ದದ್ದು ಹೇಳಿದೆ. ದಾಖಲೆ ಬರಲು ಎಂಟು ದಿನ ಹಿಡಿಯಿತು. ಆ ಎಂಟೂ ದಿನ ಮುಂಜಾನೆ ಬಸ್ ಹತ್ತಿ ದಾಂಡೇಲಿಗೆ ಹೋದೆ. ಅಶೋಕನ ಆಫೀಸಿನ ಎದುರಿಗೆ ಚಹಾದ ಅಂಗಡಿ ಇದೆ. ಅಲ್ಲಿ ಬೆಂಚಿನ ಮೇಲೆ ಕೂತು ಅವನ ಕಿಟಕಿ ನೋಡಿದೆ. ಮಾತಿಲ್ಲ, ಬೈಗುಳ ಇಲ್ಲ. ಮೂರನೇ ದಿನ ಅವನು ಕಿಟಕಿಗೆ ಪರದೆ ಹಾಕಿದ. ಐದನೇ ದಿನ ಹೊರಗೆ ಬಂದ.

"ಯಾಕ ಕುಂತೀರಿ ಅವ್ವಾರ ಇಲ್ಲಿ?"

"ಬಸ್ ಬರೂದೈತಿ."

"ಬಸ್ಸು ಇಲ್ಲಿ ನಿಂದರೂದಿಲ್ಲ."

"ನಿಂದರತೈತಿ. ನನಗೇನ ಗಡಿಬಿಡಿ ಇಲ್ಲ."

ಅವನು ತಿರುಗಿ ಒಳಗೆ ಹೋದ. ನಾನು ಇನ್ನೊಂದು ಚಹಾ ಹೇಳಿದೆ. ಅಷ್ಟು ರುಚಿಯ ಚಹಾ ನಾನು ಕುಡಿದಿಲ್ಲ.

ದಾಖಲೆ ಬಂತು. ಅರವತ್ತಮೂರರ ಸಿಮ್ಮು ಹುಟ್ಟಿದ ದಿನದಿಂದ ನಮ್ಮ ಟವರನ್ನು ಒಂದು ಸಲವೂ ಮುಟ್ಟಿರಲಿಲ್ಲ. ಬಹುತೇಕ ದಾಂಡೇಲಿಯಲ್ಲೇ ಇತ್ತು. ಕಳವಿನ ದಿನ ಒಂದು ಗಂಟೆ ದಾಟಿದ ಮೇಲೆ ಗಣೇಶಗುಡಿ ಟವರಿಗೆ ಬಂದಿತ್ತು, ನಮ್ಮ ರಸ್ತೆ ತಿರುವಿಗೆ ಮುಖ ಮಾಡಿದ ಆಂಟೆನಾಕ್ಕೆ. ಆ ಸಿಮ್ಮು ಯಾವ ಫೋನಿನಲ್ಲಿ ಕೂತಿತ್ತು ಅನ್ನುವುದೂ ಬರೆದಿತ್ತು. ಅದೇ ಫೋನಿನ ಇನ್ನೊಂದು ಸಿಮ್ಮು ಅಶೋಕನ ಸ್ವಂತದ್ದು. ತಿರುವಿನಲ್ಲಿ ಕೀಲಿ ತೆಗೆದುಕೊಂಡು ಐದು ನಿಮಿಷದಲ್ಲಿ ಮೂರು ಆಳು ಕೂರಿಸಿದ ಗಾಡಿ ತಂದು ಬಾಗಿಲು ತೆರೆದಿದ್ದ. ಒಂಬತ್ತು ಬ್ಯಾಟರಿ ಹಳಿಯಾಳದ ಒಂದು ಗುಜರಿಯಲ್ಲಿ ಸಿಕ್ಕವು, ಉಳಿದವನ್ನು ಸೀಸಕ್ಕೆಂದು ಆಗಲೇ ಕರಗಿಸಿದ್ದರು. ಅವನನ್ನು ಜೀಪಿನಲ್ಲಿ ಟವರಿಗೆ ಕರೆತಂದು, ಹೇಗೆ ತೆರೆದೆ ತೋರಿಸು ಅಂದರು. ಏಳೆಂಟು ಹಳ್ಳಿಯ ಜನ ನಿಂತಿದ್ದರು. ಬಸ್ಸಿನಲ್ಲಿ ನನ್ನನ್ನು ಕೊಡ ಹೊರಲು ಕರೆದವಳೂ ಇದ್ದಳು. ಅವಳ ಪಕ್ಕದಲ್ಲೇ ಹೋಗಿ ನಿಂತೆ. "ನೋಡವಾ, ಒಬ್ಬಾಕಿ ಹೊರಾಕ ಆಗೂದಿಲ್ಲ, ನಾಕು ಮಂದಿ ಬೇಕು" ಅಂದೆ. ಅವಳು ಸೆರಗು ಬಾಯಿಗೆ ಇಟ್ಟುಕೊಂಡಳು.

ಒಂದು ವಾರದ ಮೇಲೆ ಅಶೋಕನ ತಾಯಿ ನನ್ನ ಮನೆಗೆ ಬಂದಳು. ನನ್ನದೇ ವಯಸ್ಸು. ಎರಡನೇ ಸಿಮ್ಮು ನಾನೇ ಒಪ್ಪಿ ಕೊಟ್ಟದ್ದು ಅಂತ ಒಂದು ಮಾತು ಹೇಳಿದರೆ ಕೇಸು ಹಗುರಾಗುತ್ತದಂತೆ, ವಕೀಲರು ಹೇಳಿದ್ದಾರಂತೆ.

"ಅಕ್ಕಾ, ನೀನೂ ಹೆಣ್ಣಾಗಿ ಹುಟ್ಟೀದಿ. ನನ್ನ ಮುಖಾ ನೋಡು" ಅಂದಳು.

ಚಹಾ ಕೊಟ್ಟೆ, ಅವಲಕ್ಕಿ ಕೊಟ್ಟೆ. "ನಿನ್ನ ಮುಖದ ಮ್ಯಾಲ ನನಗ ಸಿಟ್ಟಿಲ್ಲ. ಹೇಳೂದಿಲ್ಲ" ಅಂದೆ. ಬಸ್ಸಿನ ತನಕ ಕಳಿಸಿ ಬಂದೆ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಕೆಲಸ ಮತ್ತೆ ಕೊಟ್ಟರು. ಆರು ತಿಂಗಳ ಮೇಲೆ ಫರ್ಜಾನಾ ಹೊಸ ಪದ್ಧತಿಯ ಪ್ರಯೋಗಕ್ಕೆ ನಮ್ಮ ಟವರನ್ನೇ ಆರಿಸಿದರು. ಅವರು ತಿಳಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಸಿಮ್ಮಿನೊಳಗೆ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಅದೇ ಗುಟ್ಟು ನೆಟ್‌ವರ್ಕಿನ ಹತ್ತಿರವೂ ಇರುತ್ತದೆ. ಗುಟ್ಟು ಗಾಳಿಯಲ್ಲಿ ಓಡಾಡುವುದಿಲ್ಲ. ನೆಟ್‌ವರ್ಕ್ ಒಂದು ಲೆಕ್ಕ ಕೇಳುತ್ತದೆ, ಸಿಮ್ಮು ಉತ್ತರ ಕೊಡುತ್ತದೆ, ಇವಳು ಇವಳೇ ಅಂತ ಆಗುತ್ತದೆ. ಫೋನು ನೆಟ್‌ವರ್ಕಿಗೆ ಸೇರುವಾಗ ಇದು ಹೇಗೂ ನಡೆಯುವಂಥದ್ದೇ. ಹಾಗಿದ್ದ ಮೇಲೆ ಆ್ಯಪುಗಳು ಮತ್ತೆ ಬೇರೆ ಬೇರೆ ಓಟಿಪಿ ಕಳಿಸಿ ಯಾಕೆ ಕೇಳಬೇಕು? ಆ ಒಂದೇ ಪರೀಕ್ಷೆಯಿಂದ ಬೀಗಕ್ಕೆ ಒಂದು, ಹಾಜರಿಗೆ ಒಂದು, ಡೀಸೆಲ್ಲಿಗೆ ಒಂದು ಕೀಲಿ ಫೋನಿನಲ್ಲೂ ನೆಟ್‌ವರ್ಕಿನಲ್ಲೂ ಹುಟ್ಟಿಸಿಕೊಂಡರೆ ಆಯಿತು. ಒಂದರ ಕೀಲಿ ಇನ್ನೊಂದಕ್ಕೆ ನಡೆಯುವುದಿಲ್ಲ. ಬೀಗದ್ದು ಫೋನಿನಲ್ಲಿ ಎರಡು ದಿನ ಬದುಕಿರುತ್ತದೆ, ಅಷ್ಟರಲ್ಲಿ ಟವರ್ ಸತ್ತರೂ ಬಾಗಿಲು ತೆರೆಯುತ್ತದೆ.

"ಅಂದ್ರ ರೊಟ್ಟಿಗೊಮ್ಮೆ ಗಿರಣಿಗೆ ಹೋಗೂದು ತಪ್ಪತೈತಿ" ಅಂದೆ.

"ಹೌದ್ ಆಯಿ, ಅಷ್ಟ" ಅಂತ ನಕ್ಕರು.

"ಎರಡನೇ ನಂಬರು?"

"ಇಲ್ಲ. ಕೇರ್‌ಟೇಕರ್ ನಂಬರ್ ಬದಲಿ ಮಾಡಬೇಕಂದ್ರ ನಿಮ್ಮ ಸಿಮ್ಮು ಒಪ್ಪಬೇಕು, ನಮ್ಮ ಆಫೀಸೂ ಒಪ್ಪಬೇಕು. ಸೂಪರ್‌ವೈಜರ್ ಒಬ್ಬನ ಕೈಯಾಗ ಇಲ್ಲ."

ಬೀಗದ ಅಧಿಕಾರವನ್ನೂ ನನ್ನ ಫೋನಿಗೆ ಕೊಟ್ಟರು. ಆಮೇಲೆ ಎರಡು ಸಲ ಟವರ್ ಬಂದಾಗಿದೆ. ಎರಡೂ ಸಲ ನಾನೇ ಒಳಗೆ ಹೋಗಿ ಸ್ವಿಚ್ ತಿರುಗಿಸಿದೆ. ಯಾರ ಬೈಕಿನ ಹಿಂದೆಯೂ ಕೂರಲಿಲ್ಲ.

ಹುಬ್ಬಳ್ಳಿಯಲ್ಲಿ ಸೂಪರ್‌ವೈಜರುಗಳ ತರಬೇತಿ ಇಟ್ಟಾಗ ಫರ್ಜಾನಾ ನನ್ನನ್ನು ಕರೆಸಿ ಎರಡು ಮಾತು ಹೇಳಲು ಹೇಳಿದರು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ, ಅದನ್ನೇ ಹೇಳಿದೆ. "ಬಾಗಲಾ ಕಾಯಾಕಿ ಯಾರಂತ ದಿನಕ್ಕ ಹನ್ನೊಂದು ಸಲ ಕೇಳಿದ್ರಿ. ಬಾಗಲಾ ಯಾರು ತಗೀಬೇಕು ಅಂತ ಬರಿಯಾವ ಯಾರಂತ ಒಂದು ಸಲಾನೂ ಕೇಳಲಿಲ್ಲ. ಕೆಳಗಿನವರನ್ನ ಕೇಳೂದು ಕಡಿಮಿ ಮಾಡ್ರಿ, ಮ್ಯಾಲಿನವರನ್ನ ಕೇಳಾಕ ಸುರು ಮಾಡ್ರಿ. ಕಳವು ಅಲ್ಲಿಂದ ಆಗತೈತಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಸೂಪರ್‌ವೈಜರುಗಳೇ. ಹಿಂದೆ ಕೂತ ಒಬ್ಬ ಮಾತ್ರ ಎದ್ದು ಕೇಳಿದ: "ಅಜ್ಜೀ, ಆಗಿದ್ದು ಆತು. ಅಶೋಕಗ ಈಗರ ಮಾಫ್ ಮಾಡೀರೇನ್ರಿ? ಅವಂದೂ ಸಂಸಾರ ಐತಿ."

"ಇಲ್ಲಪ್ಪಾ" ಅಂದೆ. "ಮುಂದಿನ ತಿಂಗಳು ಕೋರ್ಟಿನ ತಾರೀಖು ಐತಿ. ನನ್ನ ಸಾಕ್ಷಿ ಮುಗದೇತಿ, ಬರೂದು ಬ್ಯಾಡ ಅಂತ ವಕೀಲರು ಹೇಳ್ಯಾರ. ನಾ ಹೋಗಿ ಮುಂದಿನ ಬೆಂಚಿನ್ಯಾಗ ಕುಂದ್ರಾಕಿ."